ಸೀಟು ಖಾಲಿ ಇದ್ದರೆ ಮಾತ್ರ

ನನ್ನ ತಮ್ಮನಿಗೆ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿದ ಮೇಲೆ ನಮ್ಮ ಮನೆಯವರು ಯಾರೂ ನೆಮ್ಮದಿಯಾಗಿ ಊರು ಬಿಟ್ಟದ್ದಿಲ್ಲ. ಮೊದಲಾದರೆ ಬಸ್ಸು ಬಂದರೆ ಹೋಗುತ್ತಿದ್ದೆವು, ಬಾರದಿದ್ದರೆ ಮನೆಯಲ್ಲಿರುತ್ತಿದ್ದೆವು. ಆಮೇಲೆ ಮಾತ್ರ, ಹೊರಟ ಮೇಲೂ ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲದ ಸ್ಥಿತಿ ಬಂತು.

ಎಂಬತ್ತರ ದಶಕದ ಶುರುವಿನ ಮಾತು. ನಾನು ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ನಮ್ಮವರು ಹೈಸ್ಕೂಲ್ ಮೇಷ್ಟ್ರು. ತಮ್ಮ ಬಜ್ಪೆ ವಿಮಾನ ನಿಲ್ದಾಣದಲ್ಲಿ, ತಂಗಿ ಮದುವೆಯಾಗಿ ಬೊಂಬಾಯಿಯಲ್ಲಿ, ಅಮ್ಮ ನಾವೆಲ್ಲ ಎನ್ನಾರ್‌ಪುರ ಎನ್ನುವ ನರಸಿಂಹರಾಜಪುರದಲ್ಲಿ. ಕಂಪನಿಯವರು ನೌಕರರ ಮನೆಯವರಿಗೆ ಪಾಸು ಕೊಡುತ್ತಿದ್ದರು. ಪಾಸು ಎಂದರೆ ಟಿಕೆಟ್ ಅಲ್ಲ. ಟಿಕೆಟಿನವರೆಲ್ಲ ಬಂದ ಮೇಲೆ ಸೀಟು ಉಳಿದರೆ ನಮ್ಮನ್ನು ಕರೆಯುತ್ತಾರೆ, ಉಳಿಯದಿದ್ದರೆ ಬಂದ ದಾರಿ ಹಿಡಿಯಬೇಕು. ಇದನ್ನು ಕೊಪ್ಪದವರಿಗೆ ತಿಳಿಸಿ ಹೇಳುವುದು ನನ್ನಿಂದ ಆಗಲೇ ಇಲ್ಲ. "ನಿಮಗೇನು ಮಾರಾಯ್ರೆ, ವಿಮಾನ ಮನೇದೇ" ಎನ್ನುತ್ತಿದ್ದರು.

ಕೋಟು

ಮೊದಲ ಸಲ ತಂಗಿಯ ಮನೆಗೆ ಹೊರಡುವ ಮುಂಚೆ ತಮ್ಮ ಫೋನು ಮಾಡಿ ಉಪದೇಶ ಕೊಟ್ಟ. "ಅಕ್ಕ, ಪಾಸಿನವರು ನೀಟಾಗಿ ಬರಬೇಕು. ನಮ್ಮ ಸಾಹೇಬರು ನೋಡ್ತಾರೆ. ಭಾವನಿಗೆ ಪಂಚೆ ಬೇಡ ಅಂತ ಹೇಳು. ಮತ್ತೆ ಪಾಸು ಗೀಸು ಅಂತ ದಾರಿಯಲ್ಲಿ ಯಾರ ಹತ್ತಿರವೂ ಹೇಳಿಕೊಂಡು ಬರಬೇಡಿ."

ನಮ್ಮವರ ಹತ್ತಿರ ನೀಟು ಅನ್ನುವಂಥದ್ದು ಇದ್ದದ್ದು ಒಂದೇ, ಮದುವೆಯ ಕೋಟು. ಮೇ ತಿಂಗಳ ಸೆಖೆಯಲ್ಲಿ ಅದನ್ನು ಹಾಕಿಕೊಂಡು ಮಂಗಳೂರು ಬಸ್ಸು ಹತ್ತಿದರು. ಕಂಡಕ್ಟರ್ ಮೇಲಿಂದ ಕೆಳಗೆ ನೋಡಿ, "ಏನ್ ಮೇಷ್ಟ್ರೇ, ಯಾರ ಮದುವೆ?" ಎಂದ. ವಿಮಾನ ಎಂದರೆ ಇಡೀ ಬಸ್ಸು ಕೇಳಿಸಿಕೊಳ್ಳುತ್ತದೆ. ಇವರು ಗಾಬರಿಯಲ್ಲಿ, "ಹತ್ತಿರದವರದೇ" ಎಂದುಬಿಟ್ಟರು.

ಅಲ್ಲಿಂದ ಶುರುವಾಯಿತು ಉಪಚಾರ. ಶೃಂಗೇರಿಯಲ್ಲಿ ಹತ್ತಿದ ಜನ ನಮ್ಮ ಸೀಟಿನ ಹತ್ತಿರ ಬಂದಾಗಲೆಲ್ಲ ಕಂಡಕ್ಟರ್, "ಅವರಿಗೆ ಒತ್ತಬೇಡಿ, ಮದುವೆಗೆ ಹೊರಟವರು, ಕೋಟು ಮುದುಡ್ತದೆ" ಎಂದು ಕೂಗುತ್ತಿದ್ದ. ಕೆರೆಕಟ್ಟೆ ಘಾಟಿಯ ತಿರುವಿನಲ್ಲಿ ಹಿಂದಿನವರು ವಾಂತಿಗೆ ಬಗ್ಗಿದಾಗ ನಮ್ಮವರಿಗಿಂತ ಅವನಿಗೇ ಹೆಚ್ಚು ಆತಂಕ.

ಬಜ್ಪೆಯಲ್ಲಿ ಆ ದಿನ ಒಂದು ಸೀಟೂ ಉಳಿಯಲಿಲ್ಲ. ತಮ್ಮನ ರೂಮಿನಲ್ಲಿ ಉಳಿದು ಮಾರನೇ ದಿನ ವಾಪಸು ಹೊರಟೆವು. ಅದೇ ಬಸ್ಸು, ಅದೇ ಕಂಡಕ್ಟರ್. ನಮ್ಮವರ ಕೋಟಿನ ಮೇಲೆ ಬೆವರಿನ ಬಿಳಿ ಗೆರೆ ಎದ್ದಿತ್ತು, ಗಡ್ಡ ಕೆರೆದಿರಲಿಲ್ಲ, ಮುಖ ಜೋತುಬಿದ್ದಿತ್ತು. ಕಂಡಕ್ಟರ್ ಇವರ ಮುಖ ನೋಡುತ್ತಲೇ ಟಿಕೆಟ್ ಹರಿದುಕೊಟ್ಟ. ಕಾರ್ಕಳ ದಾಟಿದ ಮೇಲೆ ತಡೆಯಲಾಗದೆ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ:

"ಅಕ್ಕಾವ್ರೆ, ಹೆಣ್ಣಿನವರು ಒಪ್ಪಲಿಲ್ವಾ?"

ಉಪಕಾರ

ಪಾಸಿನವರಿಗೆ ಕಾಯುವ ಜಾಗದಲ್ಲಿ ಕೂತು ಬೇರೆಯವರ ಕೇಡು ಬಯಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ನಾನು ಸ್ವಭಾವತಃ ಕೆಟ್ಟವಳಲ್ಲ. ಆದರೆ ಆ ಬಾಗಿಲಿನಲ್ಲಿ ಒಂದೊಂದು ಟ್ಯಾಕ್ಸಿ ಬಂದು ನಿಂತಾಗಲೂ ಇಳಿದವರ ತಲೆ ಎಣಿಸುತ್ತಿದ್ದೆ. ದೇವರೇ, ಇನ್ನೊಂದು ಬರದೇ ಇರಲಿ, ಅದರ ಟೈರು ಪಂಕ್ಚರಾಗಲಿ.

ಎರಡನೇ ಸಲ ಹೋದಾಗ ತಮ್ಮ ಕೌಂಟರಿನ ಹಿಂದಿನಿಂದ ಎರಡು ಬೆರಳು ತೋರಿಸಿದ. ಎರಡು ಸೀಟಿವೆ! ಇನ್ನೇನು ಕೌಂಟರು ಮುಚ್ಚಬೇಕು. ನಾನು ಸೆರಗು ಬಿಗಿದು ಎದ್ದು ನಿಂತೆ. ಪಕ್ಕಕ್ಕೆ ನೋಡಿದರೆ ನಮ್ಮವರಿಲ್ಲ.

ಹೊರಗೆ ಒಂದು ಟ್ಯಾಕ್ಸಿಯಿಂದ ವಯಸ್ಸಾದ ಗಂಡ ಹೆಂಡತಿ ಇಳಿಯುತ್ತಿದ್ದರು. ಭಾರದ ಟ್ರಂಕು ಎತ್ತಲಾಗದೆ ಒದ್ದಾಡುತ್ತಿದ್ದರು. ಅದನ್ನು ಹೆಗಲ ಮೇಲೆ ಹೊತ್ತು ನಮ್ಮವರು, "ದಾರಿ ಬಿಡಿ, ದಾರಿ ಬಿಡಿ" ಎನ್ನುತ್ತ ಓಡಿ ಬಂದರು. ಕೌಂಟರಿನವನು ಕಿಟಕಿ ಮುಚ್ಚಲು ಹೋದರೆ ಇವರೇ ತಡೆದು, "ಸ್ವಲ್ಪ ನಿಲ್ಲಿಸಿ ಸ್ವಾಮಿ, ಹಿರಿಯರು, ನಡೆಯಲಿಕ್ಕೆ ಆಗುವುದಿಲ್ಲ" ಎಂದು ಜಗಳ ಬೇರೆ ಮಾಡಿದರು. ಹಿಂದೆ ನಿಂತ ತಮ್ಮ ಎರಡೂ ಬೆರಳು ಮಡಚಿ ಹಣೆಗೆ ಬಡಿದುಕೊಂಡ.

ಆ ಯಜಮಾನರು ಒಳಗೆ ಹೋಗುವ ಮುಂಚೆ ನಮ್ಮವರ ಎರಡೂ ಕೈ ಹಿಡಿದುಕೊಂಡು, "ನೀವು ಇಲ್ಲದಿದ್ದರೆ ನಮ್ಮ ಸೀಟು ಬೇರೆ ಯಾರೋ ಹೊಡೆದುಕೊಂಡು ಹೋಗ್ತಿದ್ದರು" ಎಂದರು.

"ಹೌದು" ಎಂದೆ ನಾನು. "ಇಲ್ಲೇ ನಿಂತಿದ್ದರು."

ಒಂದೇ ಸೀಟು

"ಒಂದೇ ಸೀಟು ಸಿಕ್ಕಿದರೆ ಯಾರು ಹತ್ತುವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ" ಎಂದೂ ತಮ್ಮ ಹೇಳಿದ್ದ. ಇಂಥದ್ದನ್ನೆಲ್ಲ ಯಾರು ಕೂತು ಚರ್ಚೆ ಮಾಡುತ್ತಾರೆ? ಮೂರನೇ ಸಲ ಅದೇ ಆಯಿತು. "ನೀವು ಹೋಗಿ ಬನ್ನಿ" ಎಂದು ನಾನು, "ನಿನ್ನ ತಂಗಿಯಲ್ಲವಾ, ನೀನು ಹೋಗು" ಎಂದು ಅವರು. ತಮ್ಮ ಇಬ್ಬರನ್ನೂ ಗದರಿಸಿ, ಕೈಗೆ ಸಿಕ್ಕಿದ ಸೂಟ್‌ಕೇಸ್ ಹಿಡಿಸಿ, ನನ್ನನ್ನು ಒಳಗೆ ದಬ್ಬಿದ. ಬೊಂಬಾಯಿ ತಲುಪುವ ತನಕ ಒಬ್ಬಳೇ ಕೂತು ದೇವರ ನಾಮ ಹೇಳಿಕೊಂಡೆ.

ತಂಗಿಯ ಮನೆಯಲ್ಲಿ ಸ್ನಾನಕ್ಕೆಂದು ಸೂಟ್‌ಕೇಸ್ ತೆರೆದರೆ ನಮ್ಮವರ ಪ್ಯಾಂಟು, ಪಂಚೆ, ಬನಿಯನ್ನು, ಗಡ್ಡದ ಸೆಟ್ಟು. ನನ್ನ ಸೀರೆಗಳೆಲ್ಲ ಅವರ ಜೊತೆ ಕೊಪ್ಪಕ್ಕೆ ವಾಪಸು ಹೋಗಿದ್ದವು. ತಂಗಿ ಒಂದೊಂದನ್ನೇ ಎತ್ತಿ ನೋಡಿ ಹೇಳಿದಳು:

"ಭಾವನೊಬ್ಬರನ್ನ ಬಿಟ್ಟು ಮತ್ತೆಲ್ಲ ತಂದಿದ್ದೀಯಲ್ಲೇ ಅಕ್ಕ!"

ಏಳಬೇಡ

ಆಮೇಲಿನ ವರ್ಷ ತಂಗಿ ಚೊಚ್ಚಲ ಬಸುರಿ. ದಿನ ತುಂಬಲು ಇನ್ನೂ ಸಮಯವಿತ್ತು, ಅಮ್ಮ ನಿಧಾನವಾಗಿ ರೈಲಿನಲ್ಲಿ ಹೋಗುವುದೆಂದಿತ್ತು. ಒಂದು ಬೆಳಿಗ್ಗೆ ನಾನು ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತಿರುವಾಗಲೇ ಬೊಂಬಾಯಿಯಿಂದ ಟ್ರಂಕ್ ಕಾಲ್ ಬಂತು. ತಂಗಿಯ ಗಂಡ. "ಬಿ.ಪಿ. ಏರಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಅಮ್ಮ ಬೇಕು ಅಂತ ಅಳ್ತಿದ್ದಾಳೆ" ಎಂದರು. ನರಸಿಂಹರಾಜಪುರದಲ್ಲಿ ಅಮ್ಮನ ಮನೆ ಎದುರು ಬಟ್ಟೆ ಅಂಗಡಿ ಇಟ್ಟಿದ್ದ ಸಾಬರಿಗೆ ಫೋನು ಮಾಡಿದೆ. ಆ ಪುಣ್ಯಾತ್ಮರು ಅಂಗಡಿ ಮುಚ್ಚಿ, ಅಮ್ಮನನ್ನು ತಾವೇ ಕೊಪ್ಪದ ತನಕ ತಂದು ಬಿಟ್ಟರು.

ಮಾರನೇ ದಿನ ಬಜ್ಪೆಯಲ್ಲಿ ಅಮ್ಮ ನೀರೂ ಮುಟ್ಟಲಿಲ್ಲ. ನನ್ನ ಕೈ ಹಿಡಿದೇ ಕೂತಿದ್ದಳು. ಕೊನೆಗೂ ತಮ್ಮ ಬಂದು, "ಸಿಕ್ಕಿತು, ಏಳು" ಎಂದ. ಅಮ್ಮ ಮೆಟ್ಟಿಲು ಹತ್ತಿ ಒಳಗೆ ಹೋದದ್ದನ್ನು ನಾನು ಬೇಲಿಯಾಚೆಯಿಂದ ನೋಡಿದೆ. ಅಷ್ಟರಲ್ಲಿ ಟಿಕೆಟಿನವರೊಬ್ಬರು ಏದುಸಿರು ಬಿಡುತ್ತ ಓಡಿ ಬಂದರು. ಪಾಸಿನವರನ್ನು ಇಳಿಸಬೇಕು. ಇಳಿಸಿ ಬಾ ಎಂದು ಸಾಹೇಬರು ಕಳಿಸಿದ್ದು ಯಾರನ್ನು? ನನ್ನ ತಮ್ಮನನ್ನೇ.

ಅವನು ಹೋಗಿ, "ಅಮ್ಮ, ಇಳೀಬೇಕು. ಟಿಕೆಟಿನವರು ಬಂದಿದ್ದಾರೆ" ಎಂದನಂತೆ.

"ಬರ್ಲಿ" ಎಂದಳು ಅಮ್ಮ. "ಅವರು ಕೂತ್ಕೊಳ್ಲಿ, ನಾನು ನಿಂತ್ಕೊಂಡೇ ಹೋಗ್ತೇನೆ. ಎನ್ನಾರ್‌ಪುರದ ಬಸ್ಸಲ್ಲಿ ನಾನು ಯಾವತ್ತು ಕೂತು ಬಂದಿದೇನೆ? ಎಂತಾದ್ರೂ ಹಿಡ್ಕೊಳ್ಳಿಕ್ಕೆ ಕೊಡು, ಸಾಕು."

ಹಿಂದೆಯೇ ಬಂದಿದ್ದ ಆ ಪ್ರಯಾಣಿಕರಿಗೆ ಕನ್ನಡ ಬರುತ್ತಿತ್ತು. ವಿಷಯ ಕೇಳಿ ತಿಳಿದುಕೊಂಡು, "ನನ್ನದು ನಾಳೆಯಾದರೂ ನಡೀತದೆ. ಆ ತಾಯಿ ಹೋಗಲಿ" ಎಂದು ಇಳಿದುಬಿಟ್ಟರು. ತಮ್ಮ ಕಣ್ಣೊರೆಸಿಕೊಂಡು ಅಮ್ಮನಿಗೆ ಹೇಳಿದನಂತೆ, "ಅಮ್ಮ, ಇನ್ನು ಯಾರು ಬಂದು ಎಬ್ಬಿಸಿದರೂ ಏಳಬೇಡ."

ಎರಡು ದಿನ ಸುದ್ದಿಯಿಲ್ಲ. ಪ್ರತಿ ಕಾಲ್ ಬಂದಾಗಲೂ ಬೊಂಬಾಯಿಯದೇ ಎಂದುಕೊಳ್ಳುತ್ತಿದ್ದೆ. ಕೊನೆಗೆ ತಂಗಿಯ ಗಂಡ ಲೈನಿಗೆ ಬಂದರು. "ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ" ಎಂದರು. ನಾನು ಬೋರ್ಡಿನ ಮುಂದೆಯೇ ಅತ್ತುಬಿಟ್ಟೆ. ಆ ಕಡೆ ಅವರು ನಗುತ್ತ ಅಮ್ಮ ಬಂದ ದಿನದ ಕಥೆ ಹೇಳಿದರು.

ಬೊಂಬಾಯಿಯಲ್ಲಿ ವಿಮಾನ ನಿಂತು ಎಲ್ಲರೂ ಇಳಿದುಹೋದರಂತೆ. ಕಾಫಿಗೆ ನಿಲ್ಲಿಸಿರಬೇಕು ಎಂದುಕೊಂಡು ಅಮ್ಮ ಕೂತೇ ಇದ್ದಳು. ಗಗನಸಖಿ ಬಂದು ಕರೆದಳು, ಏಳಲಿಲ್ಲ. ಯಾರೋ ಅಧಿಕಾರಿ ಬಂದು ಹಿಂದಿಯಲ್ಲಿ ಹೇಳಿದರು, ಏಳಲಿಲ್ಲ. ಟೋಪಿ ಹಾಕಿದ ಪೈಲಟ್ಟೇ ಬಂದು ಕೈ ಮುಗಿದರು. ಅಮ್ಮನೂ ಕೈ ಮುಗಿದು, ಮುಂದಿನ ಸೀಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಕಡೆಗೆ ಹೊರಗೆ ಕಾಯುತ್ತಿದ್ದ ಅಳಿಯನನ್ನು ಹುಡುಕಿ ವಿಮಾನದೊಳಕ್ಕೇ ಕರೆತಂದರು.

ಅಳಿಯನನ್ನು ಕಂಡದ್ದೇ ಅಮ್ಮನ ಮುಖ ಅರಳಿತು. ಪಕ್ಕದ ಸೀಟು ತಟ್ಟಿ ತೋರಿಸಿ, ದನಿ ತಗ್ಗಿಸಿ ಹೇಳಿದಳಂತೆ:

"ಓ, ನೀವೂ ಪಾಸಲ್ಲೇ ಬಂದ್ರಾ? ಬೇಗ ಕೂತ್ಕೊಳ್ಳಿ, ನಿಂತಿದ್ರೆ ಇಳಿಸ್ತಾರೆ!"