ಹೆಬ್ಬೆರಳಿನಡಿಯ ಕೆಂಪು ಉಂಡೆ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ನನ್ನ ಜಾಯಮಾನ, ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ನಾಗಸಂದ್ರದಲ್ಲಿ ಬಾಡಿಗೆ ರೂಮು, ಸಂಜೆಯಾದರೆ ಕಂಪ್ಯೂಟರಿನಲ್ಲಿ ಬಂದೂಕಿನ ಆಟ. ಎಲ್ಲರೂ ಮೌಸ್ ಹಿಡಿದರೆ ನಾನು ಟ್ರ್ಯಾಕ್‌ಬಾಲ್ ತಂದೆ. ಅದು ಕೂತಲ್ಲೇ ಕೂತಿರುತ್ತದೆ. ಗುಂಡಿಯಲ್ಲಿರುವ ಕೆಂಪು ಉಂಡೆಯನ್ನು ಹೆಬ್ಬೆರಳಲ್ಲಿ ಉರುಳಿಸಿದರೆ ತೆರೆಯ ಮೇಲೆ ಗುರಿ ಓಡಾಡುತ್ತದೆ. ಆಯುಧಪೂಜೆಯ ಸಂಜೆ ಸ್ಟೋರ್ಸ್ ವಿಭಾಗದವರ ಜೊತೆ ನಮ್ಮ ಪಂದ್ಯವಿತ್ತು. ನಮ್ಮ ಟೀಮಿನ ನಾಯಕ ರಾಣೆಬೆನ್ನೂರು ಕಡೆಯ ಲೇತ್ ಆಪರೇಟರ್. ಸೋತರೆ ಉಂಡೆಯೂ ಹೊರಗೆ, ನೀನೂ ಹೊರಗೆ ಎಂದು ಮೊದಲೇ ಹೇಳಿಬಿಟ್ಟಿದ್ದ.

ಬೇರಿಂಗ್

ಉಂಡೆ ಅಲ್ಲಲ್ಲಿ ತಡೆಯುತ್ತಿತ್ತು. ಹಾಗೇ ಬಿಡಲು ಮನಸ್ಸು ಕೇಳಬೇಕಲ್ಲ. ಅದರಡಿಗೆ ಪುಟಾಣಿ ಬೇರಿಂಗ್ ಕೂರಿಸೋಣವೆಂದು ಪೀಣ್ಯದ ಅಂಗಡಿಗೆ ಹೋದೆ. ಯಾವ ಮಷೀನಿಗೆ ಎಂದು ಅಂಗಡಿಯವರು ಕೇಳಿದರು. ಆಟಕ್ಕೆ ಎನ್ನಲು ನಾಚಿಕೆಯಾಗಿ ಚಿಕ್ಕ ಮಷೀನು ಎಂದೆ.

"ಲೋಡ್ ಎಷ್ಟು ಬೀಳುತ್ತೆ ಸಾರ್?"

"ಒಂದು ಹೆಬ್ಬೆರಳು."

ಅವರು ನಗಲಿಲ್ಲ. "ಒಂದೇ ಶಿಫ್ಟಾ, ಮೂರು ಶಿಫ್ಟಾ?" ಎಂದರು.

ಬುಗುರಿ

ಬೇರಿಂಗ್ ಕೂತಮೇಲೆ ಉಂಡೆ ಬುಗುರಿಯಾಯಿತು. ಮುಟ್ಟಿದರೆ ಸಾಕು, ಆಟದೊಳಗಿನ ನಾನು ಗಿರ್ರನೆ ತಿರುಗಿಬಿಡುತ್ತಿದ್ದೆ. ಅಭ್ಯಾಸದಲ್ಲಿ ಎದುರಾಳಿಗೆಂದು ಹೊಡೆದ ಗುಂಡು ಹಿಂದಿದ್ದ ನಾಯಕನಿಗೇ ಬಿತ್ತು. ಸರಿಮಾಡಿಕೊಂಡು ಹೊಡೆದೆ, ಮತ್ತೆ ಅವನಿಗೇ ಬಿತ್ತು. ಹೆಡ್‌ಫೋನಿನಲ್ಲಿ ಅವನ ನಿಟ್ಟುಸಿರು ಕೇಳಿಸಿತು.

"ಸ್ಟೋರ್ಸ್‌ನವ್ರು ನಿನ್ನ ಅವ್ರ ಕಡೆ ತಗೊಂಡ್ರ ನಾವ್ ಗೆಲ್ತೀವಿ ನೋಡಪಾ."

ಹಣೆ

ಬೇರಿಂಗ್ ಕಿತ್ತೆಸೆದೆ. ಉಂಡೆ ಮತ್ತೆ ತಡೆಯತೊಡಗಿತು. ಅನುಭವಸ್ಥರು ಮೂಗು, ಹಣೆಯ ಜಿಡ್ಡನ್ನೇ ಉಂಡೆಗೆ ಸವರುತ್ತಾರೆಂದು ಎಲ್ಲೋ ಕೇಳಿದ್ದೆ. ದಿನಾ ಕೆಲಸದಿಂದ ಬಂದವನೇ ಬಾಗಿಲಲ್ಲಿ ಕೂತು, ಕಣ್ಣು ಮುಚ್ಚಿ, ಉಂಡೆಯನ್ನು ಹಣೆಗೆ ಒತ್ತಿ ಉರುಳಿಸುತ್ತಿದ್ದೆ. ಪಂದ್ಯ ಹತ್ತಿರವಾದಂತೆಲ್ಲ ಉರುಳಿಸುವುದೂ ಹೆಚ್ಚಾಯಿತು. ಕೆಳಗಿನ ಮನೆಯ ಓನರ್ ಅಜ್ಜಿ, ಈ ಬಿಲ್ಡಿಂಗ್ ಇರುವ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದವರು, ಒಣಗಿದ ಬಟ್ಟೆ ತೆಗೆಯಲು ಬಂದು ನನ್ನನ್ನು ನೋಡಿ, ಸದ್ದಿಲ್ಲದೆ ಇಳಿದುಹೋದರು. ಮಾರನೆಯ ದಿನದಿಂದ ನನಗೆ ಕಾಫಿ ಬರತೊಡಗಿತು. ಅಲ್ಲಿಯವರೆಗೆ ನಲ್ಲಿಗೆ ನೀರು ಬಿಡಿಸಿಕೊಳ್ಳುವುದೇ ಕಷ್ಟವಿತ್ತು.

ಆಯುಧಪೂಜೆ

ಹಬ್ಬದ ಬೆಳಿಗ್ಗೆ, ನಿನ್ನ ಕಂಪ್ಯೂಟರಿಗೂ ಕುಂಕುಮ ಇಡುತ್ತೇನೆಂದು ಅಜ್ಜಿ ಬೀಗದ ಕೈ ಇಸಿದುಕೊಂಡರು. ಕಾರ್ಖಾನೆಯ ಪೂಜೆ ಮುಗಿಸಿ ಕಡ್ಲೆಪುರಿ ಹಿಡಿದು ಬಂದರೆ, ಉಂಡೆಯಿದ್ದ ಗುಂಡಿಯಲ್ಲಿ ಚೆಂಡುಹೂವು ಕೂತಿತ್ತು. ಕೆಳಗೆ ಓಡಿದೆ. ದೇವರ ಮನೆಯಲ್ಲಿ ಕುಡುಗೋಲಿನ ಪಕ್ಕ, ವೀಳ್ಯದೆಲೆಯ ಮೇಲೆ, ವಿಭೂತಿ ಕುಂಕುಮ ಹಚ್ಚಿಸಿಕೊಂಡು ನನ್ನ ಉಂಡೆ ವಿರಾಜಮಾನವಾಗಿತ್ತು.

"ದಿನಾ ಅಣೆಗೊತ್ಕೊಳೋದು ನೋಡಿವ್ನಿ ಕಣಪ್ಪ. ದ್ಯಾವ್ರನ್ನ ಆ ಪ್ಲಾಸ್ಟಿಕ್ ಗುಂಡೀಲಿ ಮಡಗವ್ನಲ್ಲ ಅಂತ ಒಟ್ಟೆ ಉರೀತು. ನಾಳೆ ಪೂಜೆ ಮುಗ್ಸಿ ಕದಲಿಸಿದ್ ಮ್ಯಾಲೆ ತಗಂಡೋಗು."

ಪಂದ್ಯಕ್ಕೆ ಹೊತ್ತಾಗಿತ್ತು, ನನಗೆ ಅಳುವೇ ಬಂತು. ಮಂಚದಡಿಯ ಹಳೆ ಮೌಸ್ ಎಳೆದುಕೊಂಡು ಆಡಿದೆ. ಗೆದ್ದುಬಿಟ್ಟೆವು. ಮೌಸಿನ ವಿಷಯ ಗೊತ್ತಿರದ ನಾಯಕ ಹೆಡ್‌ಫೋನಿನಲ್ಲೇ ಚಪ್ಪಾಳೆ ತಟ್ಟಿದ.

"ತಪ್ಪಾತಪಾ. ಇನ್ಮ್ಯಾಲೆ ಆ ಉಂಡಿ ಬಿಟ್ಟು ಬ್ಯಾರೆ ಏನರ ಹಿಡದಿ ಅಂದ್ರ, ಟೀಮ್‌ನ್ಯಾಗ ಇಟ್ಕೊಳ್ಳಾಂಗಿಲ್ಲ ನೋಡು."

ಬೆಳಗಾಗುವುದನ್ನೇ ಕಾದು ಅಜ್ಜಿಯ ಬಾಗಿಲಿಗೆ ಹೋದೆ. ರಾತ್ರಿ ನಾನು ಕೂಗಾಡಿದ್ದರಿಂದ ಗೆದ್ದ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಅಜ್ಜಿ ಕೈಗೆ ತೀರ್ಥ ಹಾಕಿದರು.

"ನಿನ್ನ ಗೆಲ್ಸವ್ನೆ. ಇನ್ ಅವನನ್ನ ಕದಲಿಸಾಕಿಲ್ಲ, ದಿನಾ ಬಂದು ಕೈಮುಗ್ದು ಓಗು."