ಇಡೀ ದೇವದುರ್ಗಕ್ಕೆ ಕೇಳುವ ಜೀಪು

ನಮ್ಮ ಮಾಮನಿಗೆ ಎರಡು ಸಂಸಾರ. ಗಾಬರಿಯಾಗಬೇಡಿ! ಒಂದು ನಮ್ಮ ಅತ್ತೆಯ ಜೊತೆ, ಇನ್ನೊಂದು ಅಂಗಳದ ಬೇವಿನ ಮರದ ಕೆಳಗೆ ನಿಂತಿರುವ ಹಳೆಯ ಜೀಪಿನ ಜೊತೆ. ಎರಡರಲ್ಲಿ ಹೆಚ್ಚು ಪ್ರೀತಿ ಯಾವುದರ ಮೇಲೆ ಎಂದು ಕೇಳಿದರೆ ದೇವದುರ್ಗದ ಜನ ಜೀಪಿನ ಕಡೆ ಕೈ ತೋರಿಸುತ್ತಾರೆ. ಮಾಮನನ್ನೇ ಕೇಳಿದರೆ, "ಆಕಿ ಬಂದಿದ್ದು ಮದಲ, ಇದು ಬಂದಿದ್ದು ಆಮ್ಯಾಲ. ಆದ್ರ ಇದು ಎದುರು ಮಾತಾಡಂಗಿಲ್ಲ ನೋಡು" ಎನ್ನುತ್ತಾನೆ.

ಮಾಮ ನಮ್ಮ ಅವ್ವನ ತಮ್ಮ. ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತನಾದವನು. ಆದರೆ ಆ ಸುದ್ದಿ ಅರಕೇರಾ ಕಡೆಯ ಎಮ್ಮೆಗಳಿಗೆ ಇನ್ನೂ ಮುಟ್ಟಿಲ್ಲ! ಯಾವುದಾದರೂ ಎಮ್ಮೆ ಮೇವು ಬಿಟ್ಟಿತು ಎಂದರೆ ಸಾಕು, ಫೋನು ಬರುತ್ತದೆ, ಮಾಮ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು ಜೀಪು ಹತ್ತುತ್ತಾನೆ. ಮಳೆ ಬಿದ್ದ ಎರೆಹೊಲದಲ್ಲಿ ಮೋಟರ್ ಸೈಕಲ್ಲು ಹೂತುಹೋಗುತ್ತದೆ, ಜೀಪೊಂದೇ ಗತಿ. ದನಗಳ ಜೊತೆ ಇದ್ದೂ ಇದ್ದೂ ಅವನ ಭಾಷೆಯೇ ಹಾಗಾಗಿದೆ. ನಾನು ಜ್ವರ ಬಂದು ಮಲಗಿದ್ದಾಗಲೂ ಅವನು ಕೇಳಿದ್ದು, "ಮೇವು ತಿಂದಿಯೇನ್ ಬೇ?" ಎಂದೇ.

ಜೀಪು ಯಾವುದೋ ಕಚೇರಿಯ ಹರಾಜಿನಲ್ಲಿ ತಂದದ್ದು. ಪೆಟ್ರೋಲ್ ಗಾಡಿ. ಅದರ ಕುಡಿತ ಎಷ್ಟಿತ್ತೆಂದರೆ, ಮಾಮ ಹಾದುಹೋಗುವಾಗ ಬಂಕಿನವರು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು! ಒಂದೇ ಒಂದು ಒಳ್ಳೆಯ ಗುಣ ಅದಕ್ಕಿತ್ತು. ಸದ್ದೇ ಇಲ್ಲ. ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು.

ಇತ್ತ ಅತ್ತೆಗೆ ಕೆಲವು ವರ್ಷಗಳಿಂದ ಕಿವಿ ಮಂದ. ರಾಯಚೂರಿನ ಡಾಕ್ಟರು ಕಿವಿಗೆ ಮಷಿನ್ನು ಕೊಟ್ಟರು. ಅತ್ತೆ ಒಂದು ದಿನ ಹಾಕಿಕೊಂಡು ನೋಡಿದಳು. "ಒಂದೇ ಸಮ ಸಾಸಿವಿ ಸಿಡಿದಂಗ ಆಗ್ತದ ಯವ್ವಾ! ಬರೇ ಒಗ್ಗರಣಿ, ಅಡಗಿ ಏನೂ ಇಲ್ಲ!" ಎಂದು ತೆಗೆದು ಜೀರಿಗೆ ಡಬ್ಬಿಯಲ್ಲಿಟ್ಟಳು. ಅದು ಇವತ್ತಿಗೂ ಜೀರಿಗೆಯ ವಾಸನೆ ಕುಡಿಯುತ್ತಾ ಅಲ್ಲೇ ಇದೆ.

ಒಂದು ಮಳೆಗಾಲದ ಸಂಜೆ ಮಾಮ ಎಮ್ಮೆಯ ಹೆರಿಗೆ ಮಾಡಿಸಿ ತೊಪ್ಪನೆ ತೊಯ್ದು ಮನೆಗೆ ಬಂದ. ಬಾಗಿಲು ಬಡಿದ. ಒಳಗೆ ಅತ್ತೆ ಒಲೆಯ ಕಡೆ ಮುಖ ಮಾಡಿ ಕೂತಿದ್ದಾಳೆ, ಕೇಳಿದರೆ ತಾನೇ? ಫೋನು ಮಾಡಿದರೆ ಅದೂ ಕೇಳುವುದಿಲ್ಲ. ಕೊನೆಗೆ ಪಕ್ಕದ ಮನೆಯ ಮಾಸ್ತರು ಹಿತ್ತಲ ಗೋಡೆ ಹಾರಿ ಹೋಗಿ ಅತ್ತೆಗೆ ಸನ್ನೆ ಮಾಡುವವರೆಗೂ ಮಾಮ ಮಳೆಯಲ್ಲೇ ನಿಂತಿದ್ದ. ಅವನೇನೋ ನಕ್ಕು, ತಲೆ ಒರೆಸಿಕೊಂಡು ಚಹಾ ಕುಡಿದ. ಅತ್ತೆ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಮರುದಿನದಿಂದ ಹೊತ್ತು ವಾಲಿತೆಂದರೆ ಬಂದು ಹೊಸ್ತಿಲ ಮೇಲೆ ಕೂರುವುದೇ! ನಿದ್ದೆ ಇಲ್ಲ, ನೆರೆಮನೆಯ ಹರಟೆ ಇಲ್ಲ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಹೊಸ್ತಿಲ ಕಲ್ಲಿನ ಮೇಲೆ ಹಪ್ಪಳ ಸುಡಬಹುದು. ಅಲ್ಲೇ ಸೆರಗು ಮುಚ್ಚಿಕೊಂಡು ಕೂತಿರುತ್ತಿದ್ದಳು.

"ಒಳಗ ನಡಿ ಅತ್ತಿ, ಫ್ಯಾನಿನ ಕೆಳಗ ಕುಂದ್ರು" ಎಂದು ದೇವದುರ್ಗಕ್ಕೆ ಹೋದಾಗಲೆಲ್ಲ ನಾನು ಕೈಸನ್ನೆ ಮಾಡಿದರೆ, "ಅವ್ರು ಬಂದ್ರ ನನಗ ಗೊತ್ತಾಗಂಗಿಲ್ಲಲ್ಲ" ಎನ್ನುತ್ತಿದ್ದಳು.

ಇಂಥ ಹೊತ್ತಿನಲ್ಲಿ ಮಾಮ ರಾಯಚೂರಿನ ನಮ್ಮ ಮನೆಗೆ ಫೋನು ಮಾಡಿ ಕೂಗಿದ: "ಲೇ, ಜೀಪಿಗಿ ಇಂಜಿನ್ ಬದ್ಲಿ ಮಾಡ್ತೀನಿ! ಡೀಸಲ್ ಇಂಜಿನ್ ಕೂಡಸ್ತೀನಿ!"

ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ಹೆಂಡ್ತಿ ಕಿವಿ ನೋಡೋ ಅಂದ್ರ ಜೀಪಿನ ಹೊಟ್ಟಿ ಕೊಯ್ಯಾಕ ಹೊಂಟಿಯಲ್ಲೋ! ಬುದ್ಧಿ ಅದನು ನಿನಗ?"

"ಅಕ್ಕಾ, ಮೈಲೇಜ್ ಬರ್ತದಕ್ಕಾ!" ಎಂದು ಮಾಮ ಫೋನಿಟ್ಟ.

ಇಂಜಿನ್ನು ಮಾನ್ವಿಯಲ್ಲಿ ಸಿಕ್ಕಿತು, ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಹಳೆಯ ಟೆಂಪೋದಲ್ಲಿ. ಬೇರೆ ಯಾರಾದರೂ ಆಗಿದ್ದರೆ ಹೋಗಿ ತೆಗೆದುಕೊಂಡು ಬರುತ್ತಿದ್ದರು. ನಮ್ಮ ಮಾಮ ಹಾಗೆ ಮಾಡುವವನೇ? ಕನ್ಯೆ ನೋಡಲು ಹೋಗುವ ಹಾಗೆ ಹಿರಿಯರನ್ನು ಕೂಡಿಸಿದ! ಬೈಯುತ್ತಲೇ ಹೊಸ ಸೀರೆ ಉಟ್ಟ ಅವ್ವ, ಇಸ್ತ್ರಿ ಅಂಗಿಯ ಮಾಸ್ತರು, ನಾನು, ಒಂದು ಚೀಲದಲ್ಲಿ ಎಲೆ ಅಡಿಕೆ. ವ್ಯಾಪಾರಿಯೂ ಏನು ಕಮ್ಮಿ ಇಲ್ಲ, ಚಾಪೆ ಹಾಸಿ ಮಂಡಕ್ಕಿಯ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ ತಂದಿಟ್ಟ. ತಾಡಪಾಲು ಸರಿಸಿ ಇಂಜಿನ್ನಿನ ಮುಖ ತೋರಿಸಿದ. ಅವ್ವನಿಗೆ ತಡೆಯಲಾಗಲಿಲ್ಲ. "ವಯಸ್ಸೆಷ್ಟು? ಮದಲ ಎಲ್ಲಿತ್ತು? ಯಾಕ ಬಿಡಾಕತ್ತೀರಿ?" ಎಂದು ಕೇಳಿಯೇ ಬಿಟ್ಟಳು. ಮಾಮ ಸ್ಟೆತಸ್ಕೋಪು ಹಚ್ಚಿ ಕಣ್ಣು ಮುಚ್ಚಿದ.

ಚಾಲೂ ಮಾಡಿದರು ನೋಡಿ! ಮರದ ಮೇಲಿನ ಕಾಗೆಗಳು ಒಂದೂ ಉಳಿಯಲಿಲ್ಲ. ನನ್ನ ತಟ್ಟೆಯ ಚಮಚ ತಾನಾಗಿಯೇ ಕುಣಿದು ಕೆಳಗೆ ಬಿತ್ತು. ವ್ಯಾಪಾರಿಗೆ ನಾಚಿಕೆಯಾಯಿತು. "ಸ್ವಲ್ಪ ಆವಾಜ್ ಜಾಸ್ತಿ ಅದ ಸಾಬ್. ಒಂದು ಚಲೋ ಸೈಲೆನ್ಸರ್ ಹಾಕಸ್ರಿ, ಕಮ್ಮಿ ಆಗ್ತದ" ಎಂದ.

ಮಾಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನನ್ನು ಓಣಿಯ ಕೊನೆಗೆ ಓಡಿಸಿದ. ಅಲ್ಲಿಗೆ ಫೋನು ಮಾಡಿದ. "ಕೇಳ್ತದನು?"

"ಕಿವಿ ಹರಿಯಾಕತ್ತಾವ ಮಾಮಾ!"

"ಇನ್ನಷ್ಟು ದೂರ ಹೋಗ್!"

ಹೋದೆ. ಮತ್ತೂ ಹೋದೆ. ಇನ್ನು ಸ್ವಲ್ಪ ಹೋಗಿದ್ದರೆ ಬಾಗಲವಾಡದ ಬಸ್ಸನ್ನೇ ಹತ್ತಬೇಕಿತ್ತು! ಅಲ್ಲಿಗೂ ಕೇಳುತ್ತದೆ ಎಂದೆ. "ಇದೇ ಆಗ್ಲಿ! ಎಲಿ ಅಡಿಕಿ ಕೊಡ್ರಿ!" ಎಂದು ಮಾಮ ಆ ಕಡೆ ಕುಣಿದದ್ದು ಫೋನಿನಲ್ಲೇ ಕಂಡಿತು. ಬಾಯಿ ದೊಡ್ಡದೆಂದು ಮೆಚ್ಚಿ ಕನ್ಯೆ ಒಪ್ಪಿದ ವರನನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಆಪರೇಷನ್ನು ನಡೆದದ್ದು ರಾಯಚೂರಿನ ಒಬ್ಬ ಉಸ್ತಾದರ ಗ್ಯಾರೇಜಿನಲ್ಲಿ. ಇಂಜಿನ್ನು ಕೂತಿತು, ಆದರೆ ಅದರ ತಲೆ ಎತ್ತರ, ಬಾನೆಟ್ಟು ಮುಚ್ಚುವುದಿಲ್ಲ. ಉಸ್ತಾದರು ತಲೆ ಕೆರೆದುಕೊಂಡರು. ಮಾಮ ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ ಅತ್ತೆಯ ಅಡುಗೆಮನೆಯಿಂದ ಅನ್ನ ಮಾಡುವ ಬೋಗುಣಿ ಎತ್ತಿಕೊಂಡು ಬಂದ. ಬಾನೆಟ್ಟಿಗೆ ತೂತು ಕೊರೆದು, ಅದರ ಮೇಲೆ ಬೋಗುಣಿ ಬೋರಲು ಹಾಕಿ ರಿವಿಟ್ಟು ಹೊಡೆಸಿದ. ನೋಡಿದವರಿಗೆ ಜೀಪಿನಲ್ಲಿ ಅನ್ನ ಬೇಯುತ್ತಿದೆ ಎನಿಸಬೇಕು!

ಅಷ್ಟಕ್ಕೇ ಬಿಟ್ಟನೇ? ಎರೆಹೊಲದಲ್ಲಿ ಹೊಟ್ಟೆ ತಾಗುತ್ತದೆ, ಗಾಡಿ ಎತ್ತರವಾಗಬೇಕು ಎಂದು ಹಟ ಹಿಡಿದ. "ಹಿಂದಿನ ಎಕ್ಸೆಲ್ ಬೋರಲ ಹಾಕ್ರಿ ಉಸ್ತಾದ್, ಎತ್ತರ ಬರ್ತದ!" ಉಸ್ತಾದರಿಗೂ ಮಾಮನ ಹುರುಪು ಅಂಟಿತ್ತು. ಹಾಕಿದರು. ತೆಂಗಿನಕಾಯಿ ಒಡೆದದ್ದಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಮಾಮ ಮೊದಲನೇ ಗೇರು ಹಾಕಿದ. ಜೀಪು ಹಿಂದಕ್ಕೆ ಹೋಯಿತು! ನಿಂಬೆಹಣ್ಣು ಇದ್ದಲ್ಲೇ ಇತ್ತು. ಗಾಬರಿಯಾಗಿ ಎರಡನೇ ಗೇರು ಹಾಕಿದ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು!

"ಅರೇ ಸಾಬ್, ರುಕೋ ರುಕೋ! ಎಕ್ಸೆಲ್ ಬೋರಲ ಹಾಕಿದ್ದಕ್ಕ ಗಾಲಿ ಉಲ್ಟಾ ತಿರಗಾಕತ್ತಾವ! ನಿಂದರ್ಸ್ರಿ!" ಎಂದು ಉಸ್ತಾದರು ಬೋಗುಣಿ ಹಿಡಿದು ಓಡಿದರು. ರಿವರ್ಸ್ ಹಾಕಿದಾಗ ಮಾತ್ರ ಜೀಪು ಸಭ್ಯವಾಗಿ ಮುಂದಕ್ಕೆ ಬಂತು. ಮಾಮನ ಮುಖ ಅರಳಿತು. "ಹಂಗಾರ ತಪ್ಪೇನದ? ಮುಂದ ಹೋಗಾಕ ಒಂದು ಗೇರ್ ಸಾಕಲ್ಲ!" ರಿವರ್ಸ್ ಗೇರಿನಲ್ಲೇ ಬಜಾರು ಸುತ್ತಲು ಹೊರಟ. ಒಂದು ಎತ್ತಿನ ಗಾಡಿ ಹಿಂದಿನಿಂದ ಬಂದು ದಾಟಿಕೊಂಡು ಹೋದ ಮೇಲೆಯೇ ಅವನ ಮಾನಕ್ಕೆ ಪೆಟ್ಟು ಬಿದ್ದದ್ದು. ಆಮೇಲೆ ಎಲ್ಲ ಬಿಚ್ಚಿ ಸರಿ ಮಾಡಿಸಿದ.

ಜೀಪು ದೇವದುರ್ಗ ಸೇರಿದ ದಿನ ಓಣಿಯ ನೆಮ್ಮದಿ ಊರು ಬಿಟ್ಟಿತು. ತೊಟ್ಟಿಲ ಕೂಸುಗಳು ಕಿಟಾರನೆ ಕಿರುಚಿದವು. ಮಾಸ್ತರರ ಗೋಡೆಯ ಗಡಿಯಾರ ಕೆಳಗೆ ಬಿತ್ತು. "ಯಪ್ಪಾ, ನಿನ್ನ ಕಾಲು ಮುಗಿತೀನಿ, ಸೈಲೆನ್ಸರ್ ಹಾಕ್ಸೋ!" ಎಂದು ಅವರು ಬಂದು ಬೇಡಿಕೊಂಡರು. "ಹಾಕಸ್ತೀನ್ರಿ ಸರ್" ಎನ್ನುವುದು, ಮರುದಿನ ಮತ್ತೆ ಅದೇ ಗುಡುಗು! ಎಲ್ಲರ ದೂರು ಫೋನಿನಲ್ಲಿ ನನಗೆ ಬರತೊಡಗಿತು. ನನಗೂ ಸಿಟ್ಟು ಬಂತು. ಹೆಂಡತಿ ಕಿವಿ ಕೇಳದೆ ಹೊಸ್ತಿಲ ಮೇಲೆ ಸುಡುತ್ತಾ ಕೂತಿರುವಾಗ ಇವನಿಗೆ ಈ ಗದ್ದಲದ ಚೇಷ್ಟೆ ಬೇಕಿತ್ತೇ? ರಾಯಚೂರಿನಲ್ಲಿ ಒಂದು ಒಳ್ಳೆಯ ಸೈಲೆನ್ಸರ್ ಕೊಂಡು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆ. "ಫಿರಂಗಿ ಏನ್ರಿ ಅಕ್ಕಾರ? ಅದಕ್ಕೂ ಟಿಕೆಟ್ ಆಗ್ತದ್ರಿ" ಎಂದ ಕಂಡಕ್ಟರ್.

ಹೊತ್ತು ವಾಲಿದಾಗ ಮಾಮನ ಮನೆ ಮುಟ್ಟಿದೆ. ಹೊಸ್ತಿಲು ಖಾಲಿ! ಅತ್ತೆಗೆ ಏನಾಯಿತೋ ಎಂದು ಒಳಗೆ ಓಡಿದೆ. ಅವಳು ಅಡುಗೆಮನೆಯಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ನಕ್ಕು ಮಣೆ ತೋರಿಸಿದಳು. ಕೂತೆ.

ಸ್ವಲ್ಪ ಹೊತ್ತಿಗೆ ಗೋಡೆಯ ಫಳಿಯ ಮೇಲಿನ ತಾಟುಗಳು ಸಣ್ಣಗೆ ಕಿಣಿಕಿಣಿ ಎಂದವು. ತಂಬಿಗೆಯ ನೀರು ನಡುಗಿತು. ದೂರದಲ್ಲೆಲ್ಲೋ ಆ ಗುಡುಗು. ನಾನು ಅತ್ತೆಯನ್ನು ನೋಡಿದೆ. ಅವಳ ಕೈ ನಿಂತಿತ್ತು, ಮುಖ ಮೇಲೆದ್ದಿತ್ತು.

"ನಿಮ್ಮ ಮಾಮ ಬಂದ್ರು. ಹಳ್ಳದ ಬ್ರಿಜ್ ದಾಟ್ಯಾರ ನೋಡು" ಎಂದಳು.

ರೊಟ್ಟಿ ಹಂಚಿಗೆ ಹಾಕಿದಳು. ಅದು ಉಬ್ಬುವಷ್ಟರಲ್ಲಿ ಜೀಪು ಓಣಿಗೆ ತಿರುಗಿತ್ತು. ಕೈ ಒರೆಸಿಕೊಂಡು ಹೋಗಿ ಬಾಗಿಲು ತೆರೆದು ನಿಂತಳು. "ಈಗ ನಾ ಬಾಗಲದಾಗ ಕುಂದ್ರಂಗಿಲ್ಲ ಬೇ. ಅವ್ರು ಬಂದ್ರ ನನಗ ಕೇಳ್ತದ" ಎಂದಳು. ಎಷ್ಟು ವರ್ಷಗಳ ಮೇಲೆ ಆ ಬಾಯಲ್ಲಿ 'ಕೇಳ್ತದ' ಎಂಬ ಮಾತು ಬಂದಿತ್ತು! ನನಗೆ ಅಳು ಬಂದುಬಿಟ್ಟಿತು. ಮಾನ್ವಿಯಲ್ಲಿ ನನ್ನನ್ನು ಅಷ್ಟು ದೂರ ಓಡಿಸಿದ್ದು ಯಾಕೆಂದು ಆಗ ತಿಳಿಯಿತು.

ಮಾಮ ಒಳಗೆ ಬಂದವನೇ ಗೋಣಿಚೀಲ ನೋಡಿದ. "ಏನ್ ಬೇ ಅದು?"

"ಏನಿಲ್ಲ ಮಾಮಾ, ರಾಯಚೂರಿಗಿ ಒಯ್ಯೋ ಸಾಮಾನು."

"ರಾಯಚೂರಿಂದ ತಂದು ರಾಯಚೂರಿಗೇನಾ?"

"ಹೂಂ."

ಚೀಲದ ಬಾಯಿಂದ ಇಣುಕುತ್ತಿದ್ದ ಕೊಳವೆಯನ್ನು ಅವನು ಗಮನಿಸಿದ. ತನ್ನ ತಾಟಿನ ಬಿಸಿ ರೊಟ್ಟಿ ಎತ್ತಿ ನನ್ನ ತಾಟಿಗೆ ಹಾಕಿದ.

ಮರುದಿನ ಬೆಳಿಗ್ಗೆ ನನ್ನನ್ನು ಜೀಪಿನಲ್ಲೇ ಬಿಡಲು ಹೊರಟ. ಓಣಿಯ ಕಿಟಕಿಗಳು ಪಟಪಟನೆ ಮುಚ್ಚಿದವು. ಅತ್ತೆ ಬಾಗಿಲಲ್ಲಿ ಕೈ ಎತ್ತಿ ನಿಂತಿದ್ದಳು. ಓಣಿ ತಿರುಗಿದ ಮೇಲೆ ಮನೆ ಕಾಣಲಿಲ್ಲ.

"ಇನ್ನಾ ನಿಂತಾಳ" ಎಂದ ಮಾಮ, ರಸ್ತೆಯ ಮೇಲೇ ಕಣ್ಣಿಟ್ಟು. "ಬ್ರಿಜ್ ದಾಟೋಮಟ ಕೇಳ್ತದಂತ ಆಕಿಗಿ."

ಬ್ರಿಜ್ಜಿನ ಮೇಲೆ ಜೀಪು ನಿಧಾನ ಮಾಡಿದ. ಎಕ್ಸಲೇಟರನ್ನು ಒಮ್ಮೆ ಜೋರಾಗಿ ಒತ್ತಿದ. ಬೋಗುಣಿ ಗಡಗಡ ನಡುಗಿತು.

"ಹೋಗಿ ಬರ್ತೀನಿ ಅಂದೆ" ಎಂದ. "ಈಗ ಒಳಗ ಹೋಗ್ತಾಳ."