ಪೈಪ್ ಟೆಸ್ಟಿಗೆ ನಾ ರೆಸ್ಟ್ ತಗೊಂಡಿದ್ದು

ನಾ ಸುಮ್ಮನ ಕುಂತ್ರೂ ಏನಾರ ಒಂದು ಆಗೇ ಆಗ್ತದ; ಎದ್ದು ಕೆಲಸಕ್ಕ ನಿಂತ್ರಂತೂ ಕೇಳಬ್ಯಾಡ್ರಿ. ಆದ್ರ ಈ ಪೈಪ್ ಟೆಸ್ಟಿನ ಕತಿ ನೆನಸಿದ್ರ ನಗೂನೂ ಬರ್ತದ, ಹೊಟ್ಟಿನೂ ಉರೀತದ.

ನಾವು ಯಾದಗಿರಿ ಕಡೆಯವರು. ಅಪ್ಪ ಇಲ್ಲಿ ಪುಣೆಯೊಳಗ ಬಿಲ್ಡಿಂಗ್ ಕೆಲಸಕ್ಕ ಹೋಗ್ತಾನ. ನಾ ಒಂಬತ್ತನೇ ಕ್ಲಾಸು ಅರ್ಧಕ್ಕ ಬಿಟ್ಟು, ನಿಗಡಿಯ ಒಂದು ಶೆಡ್ಡಿನ್ಯಾಗ ವೆಲ್ಡಿಂಗ್ ಕಲಿಯಾಕ ಸೇರಿದೆ. ಪೈಪ್ ಟೆಸ್ಟ್ ಅಂದ್ರ, ಓರೆಯಾಗಿ ಕಟ್ಟಿದ ಎರಡು ಪೈಪ್ ತುಂಡನ್ನ ಅಲ್ಲಾಡಿಸದಂಗ, ನಾವೇ ಬಗ್ಗಿ, ಎದ್ದು, ಸುತ್ತಲೂ ಬೆಸೀಬೇಕು. ಆಮ್ಯಾಲ ಆ ಬೆಸುಗಿಗೆ ಎಕ್ಸ್-ರೇ ತಗೀತಾರ. ಪಾಸಾದ್ರ ಕಂಪನಿಯಾಗ ಪಕ್ಕಾ ವೆಲ್ಡರ್. ಇಲ್ಲಂದ್ರ ಅಪ್ಪನ ಜೋಡಿ ಇಟ್ಟಂಗಿ ಹೊರೋದು ಅಂತ ಮನ್ಯಾಗ ಠರಾವ್ ಆಗಿತ್ತು.

ಓರೆ ಕೊಡ

"ನಿನ್ನ ಕೈ ಭಾಳ ನಡುಗ್ತದಲೇ," ಅಂದ್ರು ನನಗ ಕಲಿಸೋ ಉಸ್ತಾದ್. "ಮನ್ಯಾಗ ಊದಬತ್ತಿ ಹಚ್ಚಿ ಕೊಡದ ಸುತ್ತ ತಿರುಗಿಸು. ವೆಲ್ಡಿಂಗ್ ರಾಡಿನಂಗ ಅದೂ ಉರದು ಗಿಡ್ಡ ಆಗ್ತದ. ಕೈ ಪಳಗ್ತದ."

ಬಾಗಲ ಮುಂದ ತಾಮ್ರದ ಕೊಡ ಓರೆ ಮಾಡಿಟ್ಟು, ಉಸಿರು ಹಿಡದು ತಿರುಗಿಸ್ಲಿಕ್ಕತ್ತೆ. ಬಾಜು ಮನಿ ಆಯಿ ಬಂದು ನಿಂತ್ಳು. ಚಪ್ಪಲಿ ಬಿಟ್ಟಳು. ಕೈ ಮುಗದ್ಳು.

"ಯಾವ ದೇವರೋ ಯಪ್ಪಾ ಇದು?"

ಖರೇ ಹೇಳಬೇಕಿತ್ತು. ನನ್ನ ನಾಲಗಿ ಕೇಳಬೇಕಲ್ಲ! "ಓರೆ ಕೊಡದಮ್ಮ," ಅಂದೆ.

ಮರುದಿನ ಆಯಿ ತೆಂಗಿನಕಾಯಿ ಹಿಡ್ಕೊಂಡು, ಓಣಿ ಹೆಣ್ಮಕ್ಕಳನ್ನೂ ಕರ್ಕೊಂಡು ಬಂದ್ಳು. "ನನ್ನ ಸೊಸಿ ಯಾವಾಗ ನನ್ನ ಮಾತು ಕೇಳ್ತಾಳ, ಕೇಳಿ ಹೇಳಪ್ಪಾ."

"ನೀ ಮಾತಾಡೋದು ಬಿಟ್ಟ ದಿನ," ಅಂದೆ. ಗುಂಪಿನ್ಯಾಗಿದ್ದ ಸೊಸಿನೇ ಮೊದಲು ಕೈ ಮುಗದ್ಳು.

ಅಲ್ಲಿಂದ ದಿನಾ ಜಾತ್ರಿ. ಪ್ರಾಕ್ಟೀಸ್ ಮಾಡೋ ಹೊತ್ತೆಲ್ಲಾ ಭಕ್ತರ ಪಾಲಾತು. ಕೈ ನಡುಗೋದು ಹಂಗೇ ಉಳೀತು, ಮ್ಯಾಲ ಮಂದಿ, "ನೋಡ್ರಿ, ಮೈಮ್ಯಾಲ ಬಂದದ!" ಅಂತ ಖುಷಿಪಟ್ರು.

ರೆಸ್ಟು

"ಟೆಸ್ಟ್ ಹತ್ರ ಬಂತು. ಇವತ್ತು, ನಾಳೆ ರಾಡ್ ಮುಟ್ಟಬ್ಯಾಡ. ಮೈಗೆ ರೆಸ್ಟ್ ಕೊಡು," ಅಂತ ಉಸ್ತಾದ್ ಮನಿಗೆ ಕಳಿಸಿದ್ರು. ಚಾಪಿ ಹಾಸಿದೆ. ಅವ್ವ ನೋಡಿದ್ಳು.

"ಖಾಲಿ ಅದೀಯಲ್ಲ, ಸಿಲಿಂಡರ್ ತುಂಬಿಸ್ಕೊಂಡು ಬಾ."

"ಅವ್ವಾ, ನನಗ ರೆಸ್ಟ್ ಅದ."

"ಅದಕ್ಕೇ ಹೇಳ್ಲಿಕ್ಕತ್ತೀನಿ. ರೆಸ್ಟ್ ಇಲ್ಲದಾಗ ನೀ ಕೈಗೆ ಎಲ್ಲಿ ಸಿಗ್ತಿ?"

ಸಿಲಿಂಡರ್ ಆತು. ಜ್ವಾಳ ಗಿರಣಿಗೆ ಹೋತು. ನೀರಿನ ಡ್ರಮ್ ತುಂಬಿತು. ಮರುದಿನ ಅಪ್ಪ, "ಮಗಾ ಖಾಲಿ ಅದಾನಂತಲ್ಲ," ಅಂತ ಕೊಂಢವಾ ಸೈಟಿಗೆ ಉಸುಕು ಹೊರಲಿಕ್ಕೆ ಕರ್ಕೊಂಡು ಹೋದ. ನಮ್ಮ ಮನ್ಯಾಗ ರೆಸ್ಟ್ ಅಂದ್ರ ಬ್ಯಾರೆ ಕೆಲಸ, ಅಷ್ಟೇ.

ತಿರುಗಿ ಶೆಡ್ಡಿಗೆ ಹೋದಾಗ ಉಸ್ತಾದ್ ಕೇಳಿದ್ರು, "ಯಾಕಲೇ, ಕುಂಟ್ಲಿಕ್ಕತ್ತಿ?"

"ರೆಸ್ಟ್ ಭಾಳ ಆತ್ರಿ, ಉಸ್ತಾದ್."

ಆಲೂಗಡ್ಡಿ

ಟೆಸ್ಟ್ ಮುಂದ ಬಂದು ನಿಂತಾಗ ನನಗ ಪುಕಪುಕ ಶುರುವಾತು. ದೇವರಾಟ ಆಡಿ ಕಳದ ದಿನ ಒಂದೇ ದಿನದಾಗ ತುಂಬತೀನಿ ಅಂತ ಕುಂತೆ. ಊಟ ಇಲ್ಲ, ಚಾ ಇಲ್ಲ. ಅವಸರಕ್ಕ ಮುಖವಾಡ ಎತ್ತಿ ಕಿಡಿ ನೋಡಿದೆ. ಸಂಜಿ ಹೊತ್ತಿಗೆ ಕಣ್ಣಾಗ ಉಸುಕು ಸುರದಂಗಾತು.

ವೆಲ್ಡರ್ ಮಂದಿ ಕಣ್ಣುರಿಗೆ ಆಲೂಗಡ್ಡಿ ಹೋಳು ಇಡ್ತಾರ. ಅವ್ವ ಅಡಗಿಗೆ ಹೆಚ್ಚಿದ್ರಾಗಿಂದ ಎರಡು ತಗದು ನನ್ನ ಕಣ್ಣಮ್ಯಾಲ ಇಟ್ಟಳು. ಹೋಳಿನ ಕೆಳಗ ಯಾರಿಗೂ ಕಾಣಂಗಿಲ್ಲಲ್ಲ, ಮನಸಾರೆ ಅತ್ತೆ. ಹಂಗೇ ನಿದ್ದಿ ಹತ್ತಿತು.

ಎದ್ದಾಗ ಹೋಳು ಇರಲಿಲ್ಲ. ಅಪ್ಪ ಊಟಕ್ಕ ಕುಂತಿದ್ದ. "ಪಲ್ಯಾಕ ಇವತ್ತು ಉಪ್ಪು ಜಾಸ್ತಿ ಆಗ್ಯಾದ."

"ಅಯ್ಯ, ಉಪ್ಪು ಹಾಕೋದೇ ಮರತೀನಲ್ರೀ!" ಅಂದ್ಳು ಅವ್ವ.

ನೀರು

ಟೆಸ್ಟಿನ ದಿನ ಕಂಪನಿ ಸಾಹೇಬ್ರು ನಮ್ಮ ಶೆಡ್ಡಿಗೇ ಬಂದ್ರು. ಅಪ್ಪ ಕೆಲಸ ಬಿಟ್ಟು, ಒಗದ ಅಂಗಿ ಹಾಕ್ಕೊಂಡು ಬಾಗಲದಾಗ ನಿಂತಿದ್ದ. ಏನಾತೋ ಗೊತ್ತಿಲ್ಲ, ಅವತ್ತು ನನ್ನ ಕೈ ನಡುಗಲೇ ಇಲ್ಲ. ಪೈಪಿನ ಸುತ್ತ ಬೆಸುಗಿ ಮೀನಿನ ಹುರುಪಿಯಂಗ ಸಾಲಾಗಿ ಕುಂತಿತು. ಉಸ್ತಾದ್ ಬಗ್ಗಿ ನೋಡಿ, "ಶಾಬಾಸ್!" ಅಂದ್ರು. ಅವರ ಬಾಯಿಂದ ಆ ಮಾತು ನಾ ಕೇಳಿದ್ದು ಅದೇ ಮೊದಲು. "ಮುಟ್ಟಬ್ಯಾಡ. ಗಾಳಿಗೆ ತಾನೇ ಆರಲಿ. ಬಿಸಿ ಇದ್ದಾಗ ನೀರು ಬಿದ್ರ ಬಿರೀತದ."

ನಾವು ಮೂರೂ ಮಂದಿ ಚಾ ಕುಡಿಲಿಕ್ಕೆ ಹೊರಗ ಹೋದ್ವಿ. ಅಪ್ಪ ಒಳಗ ಬಂದ.

ಅಪ್ಪ ಇಡೀ ಆಯುಷ್ಯ ಸ್ಲ್ಯಾಬಿಗೆ, ಗ್ವಾಡಿಗೆ ನೀರು ಹೊಡದವ. ಹೊಸ ಕೆಲಸ ನೀರು ಕುಡದಷ್ಟೂ ಗಟ್ಟಿ ಅನ್ನೋದು ಅವನ ಪಾಠ. ಮಗನ ಹೊಸ ಕೆಲಸ ಒಣಗಿ, ಕಾದು ನಿಂತದ, ಯಾರಿಗೂ ಖಬರಿಲ್ಲ. ಪಾಪ, ಕೈಯಾಗಿನ ಬಾಟ್ಲಿ ತಗದು ಪ್ರೀತಿಲೇ ಸುರದ.

ಚೊಂಯ್!

ನಾವು ಓಡಿ ಬಂದ್ವಿ. ಸಾಹೇಬ್ರು ಬ್ಯಾಟರಿ ಹಿಡದು ನೋಡಿದ್ರು. ಕೂದಲೆಳಿ ಅಷ್ಟು ಸಣ್ಣ ಬಿರುಕು.

"ಪಾಣಿ ಕೋಣಿ ಓತಲಂ?"

ನೀರು ಯಾರು ಹಾಕಿದ್ದು ಅಂತ ಸಾಹೇಬ್ರು ಮರಾಠಿಯಾಗ ಕೇಳಿದ ಕೂಡ್ಲೇ ಅಪ್ಪ ನಗಕೋತ ಮುಂದ ಬಂದ, ಬಹುಮಾನ ಕೊಡ್ತಾರೇನೋ ಅನ್ನೋವರಂಗ. ನಾ ಅಡ್ಡ ಬಂದು, "ನಾನೇ ಸಾಹೇಬ್," ಅಂದೆ.

"ನಾಪಾಸ್," ಅಂದ್ರು ಸಾಹೇಬ್ರು.

ಬಸ್ಸಿನ್ಯಾಗ ಅಪ್ಪ ಖಾಲಿ ಬಾಟ್ಲಿ ತಿರುಗಿಸಿ ತಿರುಗಿಸಿ ನೋಡಕೋತ ಕುಂತ. ತಿಳೀತೇನೋ ಅಂತ ನನ್ನ ಜೀವ ಚುರ್ ಅಂತು. ಆಮ್ಯಾಲ ಹೆಗಲ ಮ್ಯಾಲ ಕೈ ಇಟ್ಟ.

"ಬಿಡೋ ಮಗಾ. ತಪ್ಪು ನಂದೇ."

"ಇಲ್ಲಪ್ಪಾ, ಹಂಗೇನಿಲ್ಲ..."

"ಹಂಗಲ್ಲದೇನು? ಅಷ್ಟು ದೊಡ್ಡ ಪೈಪಿಗೆ ಒಂದು ಬಾಟ್ಲಿ ಎಲ್ಲಿ ಸಾಲ್ತದ? ಮುಂದಿನ ಸಲ ಬಕೆಟ್ಟೇ ತರ್ತೀನಿ ತಗೋ."